ಗದ್ದಲವೂ ಕಿವಿಯೂ

ಚಾಮರಾಜನಗರ ಜಿಲ್ಲೆಯ ಉಮ್ಮತ್ತೂರು ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತವಾದ ಹೆಸರು. ಇಲ್ಲಿಯ ಪಾಳೆಯಗಾರರು ವಿಜಯನಗರದ ಕೃಷ್ಣದೇವರಾಯನನ್ನು ಎದುರಿಸಿ ನಿಂತವರು. ಇಂದು ಈ ಸೀಮೆಯ ಹೆಸರು ಹೊರದೇಶಗಳಿಗೆ ಹೋಗಿರುವುದು ಮುಖ್ಯವಾಗಿ ಇಲ್ಲಿಯ ಕರಿಕಲ್ಲಿನಿಂದ. ವ್ಯಾಪಾರಿಗಳು ಇದನ್ನು ಕಪ್ಪು ಗ್ರಾನೈಟ್ ಎಂದು ಕರೆದರೂ ಭೂವಿಜ್ಞಾನಿಗಳ ದೃಷ್ಟಿಯಲ್ಲಿ ಇದು ಬಹುಮಟ್ಟಿಗೆ ಡಾಲರೈಟ್ ಎಂಬ ಅಗ್ನಿಶಿಲೆ.

ಒಮ್ಮೆ ನಾವು ತರಗತಿಯಲ್ಲಿ ಶಬ್ದದ ಪಾಠ ಮಾಡುತ್ತಿದ್ದಾಗ ಆ ಕಡೆಯ ವಿದ್ಯಾರ್ಥಿಯೊಬ್ಬನು ಎದ್ದುನಿಂತು, “ನಮ್ಮಪ್ಪ ಕ್ವಾರಿಯಲ್ಲಿ ಡ್ರಿಲ್ಲಿಂಗ್ ಮಾಡ್ತಾರೆ, ಸಾರ್. ಕೂಗಿದರೆ ತಿರುಗಿ ನೋಡ್ತಾರೆ. ಆದರೆ ನಾವು ಹೇಳೋದು ಒಂದಾದರೆ ಅವರಿಗೆ ಕೇಳಿಸೋದು ಇನ್ನೊಂದು. ಯಾಕೆ ಹೀಗೆ?” ಎಂದು ಕೇಳಿದನು. ಧ್ವನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ! ಇದರ ಕಾರಣವನ್ನು ಅರಿಯಬೇಕಾದರೆ ನಾವು ಸ್ವಲ್ಪ ಭೌತವಿಜ್ಞಾನವನ್ನೂ ಸ್ವಲ್ಪ ಶರೀರವಿಜ್ಞಾನವನ್ನೂ ಆಶ್ರಯಿಸಬೇಕು.

ಶಬ್ದದ ಮಟ್ಟವನ್ನು ಡೆಸಿಬೆಲ್‌ಗಳಲ್ಲಿ ಅಳೆಯುತ್ತಾರೆ. ಈ ಅಳತೆ ಲಾಗರಿತಮ್ ಕ್ರಮದ್ದು. 10 ಡೆಸಿಬೆಲ್ ಏರಿತೆಂದರೆ ಶಬ್ದದ ತೀವ್ರತೆ ಹತ್ತು ಪಟ್ಟಾಯಿತೆಂದು ಅರ್ಥ. ನಮ್ಮ ಸಾಮಾನ್ಯ ಸಂಭಾಷಣೆ ಸುಮಾರು 60 ಡೆಸಿಬೆಲ್. ಕಲ್ಲು ಕೊರೆಯುವ ಜ್ಯಾಕ್‌ಹ್ಯಾಮರ್ ಅದನ್ನು ಹಿಡಿದವನ ಕಿವಿಯ ಬಳಿ 100 ಡೆಸಿಬೆಲ್ಲನ್ನು ಮೀರುವುದುಂಟು. ವ್ಯತ್ಯಾಸ 40 ಡೆಸಿಬೆಲ್. ಎಂದರೆ ತೀವ್ರತೆಯಲ್ಲಿ ಹತ್ತು ಸಾವಿರ ಪಟ್ಟು!

ಇಷ್ಟು ಶಕ್ತಿಯನ್ನು ಸಹಿಸಬೇಕಾದ ಅಂಗವಾದರೂ ಎಂಥದು? ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕಾಕ್ಲಿಯ ಎಂಬ ನಾಳವಿದೆ. ಅದರೊಳಗೆ ಸುಮಾರು 15,000 ರೋಮಕೋಶಗಳು ಸಾಲಾಗಿ ನಿಂತಿವೆ. ನಾಳದ ಬುಡದ ಕೋಶಗಳು ಎತ್ತರದ ಸ್ಥಾಯಿಗೂ ತುದಿಯ ಕೋಶಗಳು ತಗ್ಗಿನ ಸ್ಥಾಯಿಗೂ ಸ್ಪಂದಿಸುತ್ತವೆ. ನಾಳದಲ್ಲಿ ಅಲೆಗಳು ಸಾಗುವ ರೀತಿಯನ್ನು ಕಂಡುಹಿಡಿದ ಗೆಯಾರ್ಗ್ ಫಾನ್ ಬೇಕೆಶಿಗೆ 1961ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ದೀರ್ಘಕಾಲದ ಗದ್ದಲದಿಂದ ಈ ರೋಮಕೋಶಗಳು ನಶಿಸುತ್ತವೆ. ಮನುಷ್ಯನಲ್ಲಿ ಒಮ್ಮೆ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ.

ಹಾನಿ ಮೊದಲು ತಟ್ಟುವುದು ಸೆಕೆಂಡಿಗೆ 4,000 ಕಂಪನಗಳ ಆಸುಪಾಸಿಗೆ. ಇದಕ್ಕೆ ಒಂದು ಕಾರಣವನ್ನು ವಿದ್ಯಾರ್ಥಿಗಳು ತಾವೇ ಲೆಕ್ಕಹಾಕಬಹುದು. ಹೊರಗಿವಿಯ ನಾಳ ಒಂದು ಕೊನೆ ಮುಚ್ಚಿದ, ಸುಮಾರು 2.5 ಸೆಂಟಿಮೀಟರ್ ಉದ್ದದ ಕೊಳವೆ. ಅಂಥ ಕೊಳವೆಯಲ್ಲಿ ಅನುನಾದವುಂಟಾಗುವ ತರಂಗದ ಉದ್ದ ಅದರ ನಾಲ್ಕರಷ್ಟು, ಅಂದರೆ 10 ಸೆಂಟಿಮೀಟರ್. ಶಬ್ದದ ವೇಗವನ್ನು ಸೆಕೆಂಡಿಗೆ 340 ಮೀಟರ್ ಎಂದಿಟ್ಟುಕೊಂಡರೆ ಆವೃತ್ತಿ 3,400 ಆಗುತ್ತದೆ. ಗದ್ದಲದ ಈ ಭಾಗವನ್ನು ಕಿವಿಯೇ ಬಲಪಡಿಸಿ ಒಳಕ್ಕೆ ಕಳುಹಿಸುತ್ತದೆ. ಪೆಟ್ಟು ಅದಕ್ಕಿಂತ ತುಸು ಮೇಲಿನ ಸ್ಥಾಯಿಯಲ್ಲಿ ಬೀಳುತ್ತದೆ.

ಈಗ ಆ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ‘ಕಾಲು’, ‘ಹಾಲು’, ‘ಸಾಲು’ ಎಂಬ ಮಾತುಗಳಲ್ಲಿ ಸ್ವರಗಳು ಒಂದೇ. ಬೇರೆಯಾಗಿರುವುದು ಮೊದಲ ವ್ಯಂಜನ ಮಾತ್ರ. ಸ್ವರಗಳ ಶಕ್ತಿ ಹೆಚ್ಚಾಗಿ ತಗ್ಗಿನ ಆವೃತ್ತಿಗಳಲ್ಲಿದೆ. ಸಕಾರದಂಥ ವ್ಯಂಜನಗಳ ಶಕ್ತಿ ಎತ್ತರದ ಆವೃತ್ತಿಗಳಲ್ಲಿದೆ, ಅದೂ ಬಹಳ ದುರ್ಬಲ. ಆದುದರಿಂದ ತಂದೆಗೆ ಕೂಗು ಕೇಳಿಸುತ್ತದೆ, ಮಾತು ಬೇರ್ಪಡುವುದಿಲ್ಲ.

ಈ ವಿಷಯ ಹೊಸದೇನಲ್ಲ. ಗ್ಲಾಸ್ಗೋ ನಗರದ ವೈದ್ಯ ಥಾಮಸ್ ಬಾರ್ 1886ರಲ್ಲಿ ಬಾಯ್ಲರ್ ತಯಾರಿಸುವ 100 ಮಂದಿ ಕೆಲಸಗಾರರ ಕಿವಿಗಳನ್ನು ಪರೀಕ್ಷಿಸಿದನು. ಅವರಲ್ಲಿ ಒಬ್ಬನ ಶ್ರವಣವೂ ಸರಿಯಾಗಿರಲಿಲ್ಲ. ನಮ್ಮ ದೇಶದಲ್ಲಿ ಗಣಿ ಸುರಕ್ಷತೆಯ ಮಹಾನಿರ್ದೇಶನಾಲಯವು 1975ರ ಸುತ್ತೋಲೆಯಲ್ಲಿ 85 ಡೆಸಿಬೆಲ್ಲನ್ನು ಎಚ್ಚರಿಕೆಯ ಮಿತಿಯೆಂದೂ 90ನ್ನು ಅಪಾಯದ ಮಿತಿಯೆಂದೂ ಸೂಚಿಸಿತು.

ಹಾಗಾದರೆ ಉಪಾಯವೇನು? ಮೊದಲನೆಯದು, ಗದ್ದಲವನ್ನು ಹುಟ್ಟಿದಲ್ಲಿಯೇ ತಗ್ಗಿಸುವುದು. ಜ್ಯಾಕ್‌ಹ್ಯಾಮರಿನ ಗಾಳಿ ಹೊರಬೀಳುವ ಬಾಯಿಗೆ ಸದ್ದಡಗಿಸುವ ಕವಚ ಹಾಕಬಹುದು. ವಜ್ರದ ಹರಳುಗಳನ್ನು ಪೋಣಿಸಿದ ತಂತಿಯ ಗರಗಸದಿಂದ ಕಲ್ಲನ್ನು ಕೊಯ್ದರೆ ಕೊರೆಯುವ ಕೆಲಸವೇ ಬಹಳ ಕಡಿಮೆಯಾಗುತ್ತದೆ. ಎರಡನೆಯದು ದೂರ. ಬಯಲಿನಲ್ಲಿ ಕಂಪ್ರೆಸರಿನಿಂದ ಇರುವ ದೂರವನ್ನು ಇಮ್ಮಡಿಸಿದರೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಮೂರನೆಯದು, ಒಬ್ಬನೇ ದಿನವಿಡೀ ಯಂತ್ರ ಹಿಡಿಯದಂತೆ ಸರದಿ ಏರ್ಪಡಿಸುವುದು.

ಕಿವಿಗೆ ಬಿರಡೆಯಿಡುವುದು, ಮುಚ್ಚಳ ತೊಡಿಸುವುದು ಕೊನೆಯ ಉಪಾಯ. ಇಲ್ಲಿ ಒಂದು ಮೋಸವಿದೆ. 30 ಡೆಸಿಬೆಲ್ ತಡೆಯುವ ಸಾಧನವನ್ನು ಎಂಟು ಗಂಟೆಗಳ ಕೆಲಸದಲ್ಲಿ ಅರ್ಧ ಗಂಟೆ ತೆಗೆದಿಟ್ಟರೆ ಏನಾಗುತ್ತದೆ? ಅರ್ಧ ಗಂಟೆ ಎಂದರೆ ದಿನದ ಕೆಲಸದ ಹದಿನಾರನೆಯ ಒಂದು ಪಾಲು. ಉಳಿದ ವೇಳೆ ಶಬ್ದ ಒಳಗೆ ಹೋಗಲೇ ಇಲ್ಲವೆಂದಿಟ್ಟುಕೊಂಡರೂ ಒಟ್ಟು ಶಕ್ತಿಯ ಹದಿನಾರನೆಯ ಒಂದು ಪಾಲು ಕಿವಿಗೆ ಸೇರಿತು. ಹದಿನಾರು ಪಟ್ಟಿಗೆ ಸಮನಾದ ಡೆಸಿಬೆಲ್ 12 ಮಾತ್ರ. 30ರ ರಕ್ಷಣೆ 12ಕ್ಕೆ ಇಳಿಯಿತು! ಆದರೂ ಕೆಲಸಗಾರರು ಅದನ್ನು ತೆಗೆಯುವುದು ಉದಾಸೀನದಿಂದಲೇ ಎನ್ನಲಾಗದು. ಬಿಸಿಲು, ಬೆವರು, ಕಲ್ಲುದೂಳು ಒಂದು ಕಡೆ. ಸಿಡಿಮದ್ದು ಹಚ್ಚುವ ಮುನ್ನಿನ ಕೂಗು, ಹಿಂದಕ್ಕೆ ಬರುವ ಟಿಪ್ಪರಿನ ಸದ್ದು ಕೇಳಿಸದೆ ಹೋದೀತೆಂಬ ಭಯ ಇನ್ನೊಂದು ಕಡೆ. ಬಾವುಟ, ದೀಪಗಳ ಮೂಲಕ ಕಣ್ಣಿಗೆ ಕಾಣುವ ಸಂಜ್ಞೆಗಳನ್ನು ಏರ್ಪಡಿಸದೆ ಕಿವಿ ಮುಚ್ಚಿಕೊಳ್ಳಿರೆಂದು ಹೇಳುವುದು ನ್ಯಾಯವಲ್ಲ.

ಹಾನಿಯನ್ನು ಬೇಗನೆ ಗುರುತಿಸಲು ಆಡಿಯೊಮೀಟರ್ ಎಂಬ ಉಪಕರಣವಿದೆ. 4,000ದ ಬಳಿ ಅದರ ರೇಖೆ ಹಳ್ಳದಂತೆ ತಗ್ಗಿದರೆ ಗದ್ದಲದ ಗುರುತು ಸಿಕ್ಕಿತೆಂದು ಶಂಕಿಸಬೇಕು. ಇಂಥ ಪರೀಕ್ಷೆಗೆ ನಮ್ಮ ಸೀಮೆಯವರು ಬಹುದೂರ ಹೋಗಬೇಕಾಗಿಲ್ಲ. 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲಿಯೇ ಇದೆ.

ಮುಂದಿನ ವಾರ ಆ ವಿದ್ಯಾರ್ಥಿಗೆ ನಾವು ಇದನ್ನೆಲ್ಲ ವಿವರಿಸಿದೆವು. ಅವನು, “ಹೋದದ್ದು ಬರೋದಿಲ್ಲ, ಅಲ್ವಾ ಸಾರ್?” ಎಂದನು. ಬರುವುದಿಲ್ಲ, ಆದರೆ ಉಳಿದಿರುವುದನ್ನು ಉಳಿಸಿಕೊಳ್ಳಬಹುದು. ಅವನ ತಂದೆಯ ಪಕ್ಕದಲ್ಲಿ ಈ ವರ್ಷವಷ್ಟೇ ಯಂತ್ರ ಹಿಡಿದ ಹುಡುಗನ ಕಿವಿಯನ್ನಂತೂ ಪೂರ್ತಿಯಾಗಿಯೇ ಉಳಿಸಬಹುದು.