ಕರಿಬೇವಿನ ಎಲೆ ತಿಂದವರು ಯಾರು?

ಮಳೆ ಬಿದ್ದು ಕರಿಬೇವು ಚಿಗುರಿದ ಕೆಲವೇ ದಿನಗಳಲ್ಲಿ ಹಿತ್ತಿಲಿನಿಂದ ದೂರು ಬರುತ್ತದೆ: ಎಲೆಯೆಲ್ಲ ಖಾಲಿ, ಕಡ್ಡಿ ಮಾತ್ರ ಉಳಿದಿದೆ. ಮನೆಯವರು ಬೇವಿನೆಣ್ಣೆಯ ಬಾಟಲಿ ಹುಡುಕುತ್ತಾರೆ. ಚಿಟ್ಟೆ ಬರಲಿ ಎಂದು ನರ್ಸರಿಯಿಂದ ಹೂವಿನ ಗಿಡ ತಂದು ಅಂಗಳದಲ್ಲಿ ಸಾಲಾಗಿ ಇಟ್ಟವರೂ ಅವರೇ. ಎಲೆ ತಿಂದದ್ದು ಆ ಚಿಟ್ಟೆಯದೇ ಮರಿ ಎಂದು ತಿಳಿಯುವ ಹೊತ್ತಿಗೆ ಔಷಧಿ ಹೊಡೆದಾಗಿರುತ್ತದೆ.

ಮಕರಂದಕ್ಕಾಗಿ ಚಿಟ್ಟೆ ಹತ್ತಾರು ಬಗೆಯ ಹೂಗಳಿಗೆ ಹೋಗುತ್ತದೆ. ಮೊಟ್ಟೆಯಿಡುವಾಗ ಮಾತ್ರ ಅದಕ್ಕೆ ತವರಿನ ಗಿಡವೇ ಬೇಕು. ಅದು ಹುಟ್ಟಿ ಬೆಳೆದ ಗಿಡದ, ಇಲ್ಲವೇ ಅದರ ಹತ್ತಿರದ ಬಳಗದ ಗಿಡಗಳ ಎಲೆಯನ್ನೇ ಅದರ ಮರಿಗಳೂ ತಿನ್ನಬೇಕು. ಬೇರೆ ಎಲೆ ಕೊಟ್ಟರೆ ಬಹುಪಾಲು ಹುಳುಗಳು ಉಪವಾಸ ಸಾಯುತ್ತವೆಯೇ ಹೊರತು ಬಾಯಿ ಹಾಕುವುದಿಲ್ಲ. ಇಂಥ ಗಿಡಕ್ಕೆ ಕೀಟತಜ್ಞರು ಆತಿಥೇಯ ಸಸ್ಯ ಎನ್ನುತ್ತಾರೆ. ನಿಂಬೆ, ಕಂಚಿ, ಕರಿಬೇವು ಒಂದೇ ಕುಟುಂಬದವು. ಆದ್ದರಿಂದಲೇ ನಿಂಬೆ ಚಿಟ್ಟೆ ಮತ್ತು ಕಾಮನ್ ಮಾರ್ಮನ್ ಚಿಟ್ಟೆ ಇವುಗಳ ನಡುವೆ ಓಡಾಡುತ್ತಿರುತ್ತವೆ.

ಬೆಳಗಿನ ಬಿಸಿಲಿನಲ್ಲಿ ಕರಿಬೇವಿನ ಪಕ್ಕ ಅರ್ಧ ಗಂಟೆ ಕೂತರೆ ಮೊಟ್ಟೆಯಿಡುವ ಹೆಣ್ಣು ಕಣ್ಣಿಗೆ ಬೀಳಬಹುದು. ಅದು ರೆಕ್ಕೆ ಬಡಿಯುತ್ತಲೇ ಮುಂಗಾಲಿನಿಂದ ಎಲೆಯನ್ನು ತಟ್ಟುತ್ತದೆ. ಚಿಟ್ಟೆಗೆ ರುಚಿ ತಿಳಿಯುವುದು ಕಾಲಿನಿಂದಲೂ! ಗಿಡ ಸರಿ ಎಂದು ಗೊತ್ತಾದೊಡನೆ ಹೊಟ್ಟೆಯ ತುದಿ ಬಾಗಿಸಿ ಎಳೆ ಕುಡಿಗೆ ಒಂದು ಮೊಟ್ಟೆ ಅಂಟಿಸಿ ಮುಂದಿನ ಕುಡಿಗೆ ಹಾರುತ್ತದೆ. ರಾಗಿ ಕಾಳಿನಷ್ಟು ಚಿಕ್ಕ, ತಿಳಿಹಳದಿ ಗುಂಡು. ಮೂರರಿಂದ ಐದು ದಿನಗಳಲ್ಲಿ ಮರಿ ಹೊರಬಂದು ಮೊದಲು ತನ್ನ ಮೊಟ್ಟೆಯ ಸಿಪ್ಪೆಯನ್ನೇ ತಿನ್ನುತ್ತದೆ. ಮೊದಮೊದಲು ಅದು ಥೇಟ್ ಹಕ್ಕಿಯ ಹಿಕ್ಕೆ: ಕಂದು ಮೈ, ನಡುವೆ ಬಿಳಿ ಪಟ್ಟೆ. ನಾಲ್ಕು ಬಾರಿ ಪೊರೆ ಕಳಚಿದ ಮೇಲೆ ಎಲೆಯಂತೆ ಹಸಿರಾಗುತ್ತದೆ. ಆಗ ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲೊಂದು ಹಾವಿನ ನಾಲಿಗೆಯಂತೆ ಚಾಚಿ ಘಾಟು ವಾಸನೆ ಬಿಡುತ್ತದೆ. ಅಷ್ಟೇ, ಕಚ್ಚುವುದಿಲ್ಲ, ತುರಿಕೆಯೂ ಆಗುವುದಿಲ್ಲ.

ಕೋಶ ಕಟ್ಟುವಾಗ ಹುಳು ಬಾಲವನ್ನು ಕಡ್ಡಿಗೆ ಅಂಟಿಸಿ, ಬೆನ್ನಿಗೆ ಒಂದೆಳೆ ರೇಷ್ಮೆ ಸುತ್ತಿಕೊಳ್ಳುತ್ತದೆ, ಸೊಂಟಕ್ಕೆ ಹಗ್ಗ ಬಿಗಿದು ಮರಕ್ಕೆ ಒರಗಿ ನಿಂತವರಂತೆ. ಹಸಿರು ಎಲೆಗಳ ನಡುವೆ ಕಟ್ಟಿದ ಕೋಶ ಸಾಮಾನ್ಯವಾಗಿ ಹಸಿರು, ಒಣ ಕಡ್ಡಿಯ ಮೇಲಿನದು ಕಂದು. ಮೊಟ್ಟೆಯಿಂದ ಚಿಟ್ಟೆಯವರೆಗೆ ಒಟ್ಟು ಸುಮಾರು ಒಂದು ತಿಂಗಳು.

ಕಾಮನ್ ಮಾರ್ಮನ್‌ನಲ್ಲಿ ಇನ್ನೊಂದು ಸೋಜಿಗವಿದೆ. ಗಂಡು ಕಪ್ಪು, ಹಿಂರೆಕ್ಕೆಗೆ ಬಿಳಿ ಚುಕ್ಕೆಗಳ ಸಾಲು. ಹೆಣ್ಣುಗಳಲ್ಲಿ ಕೆಲವು ಗಂಡಿನಂತೆಯೇ ಇದ್ದರೆ, ಮತ್ತೆ ಕೆಲವು ಕಾಮನ್ ರೋಸ್ ಅಥವಾ ಕ್ರಿಮ್ಸನ್ ರೋಸ್ ಚಿಟ್ಟೆಯ ವೇಷ ಹಾಕುತ್ತವೆ. ಆ ಎರಡೂ ಈಶ್ವರಿ ಬಳ್ಳಿ ತಿಂದು ಬೆಳೆದ ವಿಷದ ಚಿಟ್ಟೆಗಳು, ಹಕ್ಕಿಗಳಿಗೆ ಬೇಡವಾದವು. ಈ ವೇಷಗಳನ್ನೆಲ್ಲ ನಿಯಂತ್ರಿಸುವುದು ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ ಎಂದು 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದವರು ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು. ಅಷ್ಟು ದೊಡ್ಡ ಸಂಶೋಧನೆಯ ಜೀವಿ ಒಗ್ಗರಣೆಯ ಗಿಡದಲ್ಲೇ ಸಿಗುತ್ತದೆ.

ಹುಡುಕಿದರೆ ಹಿತ್ತಿಲಿನಲ್ಲಿ ಇನ್ನೂ ಎಷ್ಟೋ ತವರುಗಳಿವೆ. ಎಕ್ಕದಲ್ಲಿ ಪ್ಲೇನ್ ಟೈಗರ್, ಕಣಗಿಲೆಯಲ್ಲಿ ಕಾಮನ್ ಕ್ರೋ, ಕಕ್ಕೆಯಲ್ಲಿ ಎಮಿಗ್ರೆಂಟ್, ಮಾವಿನಲ್ಲಿ ಬ್ಯಾರನ್. ಎಲೆಯಂಚಿನಿಂದಲೇ ಮರಿಗಿಡ ಹುಟ್ಟಿಸುವ ಕಾಡುಬಸಳೆಯ ದಪ್ಪ ಎಲೆ ಪೊಳ್ಳಾಗಿ ಕಂಡರೆ ಬೆಳಕಿಗೆ ಹಿಡಿದು ನೋಡಬೇಕು. ಎರಡು ಪದರಗಳ ನಡುವೆ ರೆಡ್ ಪಿಯರೊ ಮರಿ ಮೇಯುತ್ತಿರಬಹುದು. ಕಳೆಯೆಂದು ಕಿತ್ತೆಸೆಯುವ ಗೋಣಿಸೊಪ್ಪು ಡನೈಡ್ ಎಗ್‌ಫ್ಲೈ ಚಿಟ್ಟೆಯದು. ಮಲೆನಾಡಿನ ಅಂಚಿನ ಮನೆಗಳಲ್ಲಿ ಈಶ್ವರಿ ಬಳ್ಳಿ ಹಬ್ಬಿಸಿದರೆ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಬಂದರೂ ಬಂದೀತು. ರೆಕ್ಕೆ ಬಿಚ್ಚಿದರೆ 14ರಿಂದ 19 ಸೆಂಟಿಮೀಟರ್!

ಮೊಟ್ಟೆಗಳೆಲ್ಲ ಚಿಟ್ಟೆಯಾಗುವುದಿಲ್ಲ. ಜೇಡ, ಇರುವೆ, ಹಕ್ಕಿ, ಜೊತೆಗೆ ಹುಳುವಿನೊಳಗೇ ಮೊಟ್ಟೆಯಿಡುವ ಪುಟ್ಟ ಕಣಜಗಳು ಕಾದಿರುತ್ತವೆ. ಕೋಶದಲ್ಲಿ ಸೂಜಿ ಚುಚ್ಚಿದಂಥ ತೂತು ಕಂಡರೆ ಒಳಗಿಂದ ಕಣಜಗಳು ಹೋದವೆಂದೇ ಅರ್ಥ. ಇದರ ಮೇಲೆ ಔಷಧಿಯೂ ಬಿದ್ದರೆ ಆ ಗಿಡದಲ್ಲಿ ಚಿಟ್ಟೆಗೆ ಏನೂ ಉಳಿಯುವುದಿಲ್ಲ. ಜಾಗವಿದ್ದವರು ಎರಡು ಕರಿಬೇವು ನೆಟ್ಟು ಒಂದನ್ನು ಅಡುಗೆಗೆ, ಒಂದನ್ನು ಹುಳುವಿಗೆ ಬಿಡಬಹುದು. ಬೇರು ಗಟ್ಟಿಯಿದ್ದರೆ ಬೋಳಾದ ಗಿಡ ಮತ್ತೆ ಚಿಗುರುತ್ತದೆ.

ಕೊಯ್ದ ಎಸಳಿನಲ್ಲಿ ಮೊಟ್ಟೆಯೋ ಮರಿಯೋ ಅಡುಗೆಮನೆಗೆ ಬಂದರೆ ಎಸಳನ್ನು ನೀರಿನ ಲೋಟದಲ್ಲಿ ನಿಲ್ಲಿಸಿ, ಹುಳು ನೀರಿಗೆ ಬೀಳದಂತೆ ಲೋಟದ ಬಾಯಿಗೆ ಬಟ್ಟೆ ತುರುಕಿ, ದಿನವೂ ಔಷಧಿ ಸೋಕದ ತಾಜಾ ಎಲೆ ಕೊಟ್ಟು ಸಾಕಬಹುದು. ಪಕ್ಕದಲ್ಲಿ ಒಂದು ಒಣಕಡ್ಡಿಯನ್ನು ನೆಟ್ಟಗೆ ಇಡುವುದನ್ನು ಮರೆಯಬಾರದು. ಹೊರಬಂದ ಚಿಟ್ಟೆಯ ರೆಕ್ಕೆ ಒದ್ದೆ ಬಟ್ಟೆಯಂತೆ ಮುದುಡಿರುತ್ತದೆ. ಅದನ್ನು ಕೆಳಕ್ಕೆ ಜೋತುಬಿಟ್ಟು ಹರಡಿಕೊಳ್ಳಲು ಹಿಡಿತ ಸಿಗದಿದ್ದರೆ ಸುಕ್ಕು ಸುಕ್ಕಾಗಿಯೇ ಒಣಗಿ, ಚಿಟ್ಟೆ ಹಾರಲಾರದೆ ಹೋಗುತ್ತದೆ.