ಕಾರು ತಗ್ಗಿಸುವ ಮುನ್ನ

ಟೊಯೊಟಾ ಎಇ86 ಮಾರುಕಟ್ಟೆಗೆ ಬಂದದ್ದು 1983ರಲ್ಲಿ. ಐದು ವರ್ಷ ಕಳೆದು ನಿಸಾನ್ ಸಿಲ್ವಿಯಾ ಎಸ್13 ಬಂತು, ಮರುವರ್ಷ ಮಜ್ದಾದ ಪುಟ್ಟ ರೋಡ್‌ಸ್ಟರ್. ಮೂರೂ ಹಗುರವಾದ ಕಾರುಗಳು. ಮೂರಕ್ಕೂ ಎಂಜಿನ್ ಮುಂದೆ, ಓಡಿಸುವ ಬಲ ಹಿಂದಿನ ಚಕ್ರಕ್ಕೆ. ಬಿಚ್ಚಿ ಜೋಡಿಸುವುದು ಸುಲಭ, ಬಿಡಿಭಾಗಗಳಿಗೂ ಬರವಿರಲಿಲ್ಲ. ಹಕೋನೆಯ ಬೆಟ್ಟದ ತಿರುವುಗಳಿಂದ ಹಿಡಿದು ತ್ಸುಕುಬಾದ ಎರಡು ಕಿಲೋಮೀಟರಿನ ರೇಸ್ ಟ್ರ್ಯಾಕಿನವರೆಗೆ ಜಪಾನಿನ ಉತ್ಸಾಹಿಗಳು ಇವುಗಳ ಮೇಲೆ ಕೈ ಪಳಗಿಸಿಕೊಂಡರು. ಇಂಥ ಕಾರು ಕೈಗೆ ಬಂದ ಕೂಡಲೇ ಹೆಚ್ಚಿನವರು ಮಾಡುವ ಕೆಲಸ ಎರಡೇ: ಕಾರನ್ನು ನೆಲಕ್ಕೆ ಹತ್ತಿರವಾಗುವಂತೆ ತಗ್ಗಿಸುವುದು, ಅಗಲವಾದ ಅಲಾಯ್ ಚಕ್ರ ಹಾಕಿಸುವುದು.

ಎರಡೂ ಮಾಡಬಾರದ ಕೆಲಸವೇನಲ್ಲ. ಆದರೆ ಎತ್ತರ ಎಷ್ಟಿರಬೇಕೆಂದು ಮೊದಲೇ ಗೊತ್ತುಮಾಡಿಕೊಂಡು, ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಲು ಹೊರಟರೆ ಕಾರು ಹಾಳಾಗುತ್ತದೆ. ಮೊದಲು ಟೈರ್, ಅದಕ್ಕೆ ತಕ್ಕ ಚಕ್ರ, ಆಮೇಲೆ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್. ಇವೆಲ್ಲ ಕೂತ ಮೇಲೆ ಎಷ್ಟು ಎತ್ತರ ಉಳಿಯಬೇಕೋ ಅಷ್ಟು. ಈ ಕ್ರಮಕ್ಕೆ ಕಾರಣವಿದೆ. ಕಾರು ರಸ್ತೆಯನ್ನು ಹಿಡಿದುಕೊಳ್ಳುವುದು ನಾಲ್ಕು ಟೈರುಗಳ ಅಂಗೈಯಗಲದ ನಾಲ್ಕು ತುಣುಕುಗಳಿಂದ ಮಾತ್ರ. ಆ ತುಣುಕು ಎಷ್ಟೇ ಗುಂಡಿ ಬಂದರೂ ನೆಲ ಬಿಡದಂತೆ ನೋಡಿಕೊಳ್ಳುವುದೇ ಸಸ್ಪೆನ್ಷನ್ನಿನ ಕೆಲಸ. ಅದಕ್ಕೆ ಚಕ್ರ ಮೇಲೆ ಕೆಳಗೆ ಆಡಲು ಜಾಗ ಬೇಕು. ತಗ್ಗಿಸುವುದೆಂದರೆ ಆ ಜಾಗವನ್ನೇ ಕಸಿಯುವುದು.

ಟೈರಿನಿಂದ ಶುರುಮಾಡೋಣ. ಮೊದಲ ಪೀಳಿಗೆಯ ರೋಡ್‌ಸ್ಟರ್ 185/60 ಆರ್ 14 ಅಳತೆಯ ಟೈರಿನಲ್ಲಿ ಬರುತ್ತಿತ್ತು. 14 ಇಂಚಿನ ರಿಮ್ ಅಂದರೆ 355.6 ಮಿಮೀ, ಟೈರಿನ ಗೋಡೆ 185ರ ಶೇ. 60, ಅಂದರೆ 111 ಮಿಮೀ, ಮೇಲೊಂದು ಕೆಳಗೊಂದು. ಒಟ್ಟು ವ್ಯಾಸ ಸುಮಾರು 578 ಮಿಮೀ. ಈಗ 195/50 ಆರ್ 15 ಹಾಕಿದರೆ 381 ಮತ್ತು 195, ಕೂಡಿದರೆ 576. ಎರಡು ಮಿಲಿಮೀಟರಿನ ವ್ಯತ್ಯಾಸ. ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ, ಗೇರಿನ ಲೆಕ್ಕ ತಪ್ಪುವುದಿಲ್ಲ, ಮಡ್‌ಗಾರ್ಡಿಗೆ ತಾಗುವುದಿಲ್ಲ. ಆ ಕಾರಿನವರು ಇಂದಿಗೂ 15 ಇಂಚನ್ನೇ ನೆಚ್ಚಿಕೊಂಡಿರುವುದು ಇದಕ್ಕೇ. 17 ಇಂಚಿನ ಚಕ್ರ ಹಾಕಿದವರ ಕಾರು ನಿಂತಲ್ಲಿ ಚೆಂದ ಕಾಣಬಹುದು, ಆದರೆ ಟೈರಿನ ಗೋಡೆ ತೆಳುವಾಗಿ ರಿಮ್ಮಿಗೆ ಏಟು ನೇರವಾಗಿ ಬೀಳುತ್ತದೆ, ಚಕ್ರದ ತೂಕವೂ ಏರುತ್ತದೆ.

ತೂಕದ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಚಕ್ರ, ಟೈರ್, ಬ್ರೇಕು ಇವೆಲ್ಲ ಸ್ಪ್ರಿಂಗಿನ ಕೆಳಗಿನ ಭಾರ. ಗುಂಡಿಗೆ ಇಳಿದು ಏಳುವಾಗ ಈ ಭಾರವನ್ನು ಹಿಡಿದು ನಿಲ್ಲಿಸಬೇಕಾದದ್ದು ಶಾಕ್. ಚಕ್ರ ಹಗುರವಾದಷ್ಟೂ ಅದು ರಸ್ತೆಯನ್ನು ಬೇಗ ಹಿಂಬಾಲಿಸುತ್ತದೆ. ಒಸಾಕಾದ ರೇಸ್ ಎಂಬ ಹೆಸರಿನ ಕಂಪನಿ ಎರಕ ಹೊಯ್ಯುವ ಬದಲು ಅಲ್ಯೂಮಿನಿಯಮ್ಮನ್ನು ಒತ್ತಿ ರೂಪಿಸಿ 1996ರಲ್ಲಿ ತಂದ ಆರು ಕಡ್ಡಿಯ ಟಿಇ37 ಚಕ್ರ 15 ಇಂಚಿನಲ್ಲಿ 3.7 ಕೆಜಿ ತೂಗುತ್ತಿತ್ತು. ಹೆಸರಿನ ಅಂಕಿಯೂ ಅದೇ. ಅದರ ನಕಲುಗಳು ಎಲ್ಲ ಕಡೆ ಸಿಗುತ್ತವೆ, ಚಹರೆ ಒಂದೇ, ತೂಕವೂ ಗಟ್ಟಿತನವೂ ಬೇರೆ. ಹಳೆಯ ಜಪಾನಿ ಚಕ್ರ ಕೊಳ್ಳುವವರು ಅದರ ಮೇಲೆ ಜೆಡಬ್ಲ್ಯುಎಲ್ ಮತ್ತು ವಿಐಎ ಗುರುತುಗಳಿವೆಯೇ ಎಂದು ಬೆರಳಾಡಿಸಿ ನೋಡಬೇಕು. ಮೊದಲನೆಯದು ಜಪಾನಿನ ಹಗುರ ಲೋಹದ ಚಕ್ರಗಳಿಗಿರುವ ಮಾನದಂಡ. ಎರಡನೆಯದು ಸ್ವತಂತ್ರ ಸಂಸ್ಥೆಯಲ್ಲಿ ಪರೀಕ್ಷೆಯಾಗಿದೆ ಎಂಬುದರ ಮುದ್ರೆ.

ಚಕ್ರ ಕೂರಬೇಕಾದರೆ ಮೂರು ಅಳತೆ ಸರಿಹೊಂದಬೇಕು. ಬೋಲ್ಟುಗಳು ಕೂತಿರುವ ವೃತ್ತದ ವ್ಯಾಸ ಒಂದು: ರೋಡ್‌ಸ್ಟರಿಗೆ ನಾಲ್ಕು ಬೋಲ್ಟು 100 ಮಿಮೀ, ಎಇ86ಕ್ಕೆ ನಾಲ್ಕು ಬೋಲ್ಟು 114.3, ಎಸ್15 ಸಿಲ್ವಿಯಾಕ್ಕೆ ಐದು ಬೋಲ್ಟು 114.3. ಎರಡನೆಯದು ನಡುವಿನ ತೂತು. ಅದು ಹಬ್ಬಿನ ಮೇಲೆ ಬಿಗಿಯಾಗಿ ಕೂತರೆ ಮಾತ್ರ ಚಕ್ರ ನಡುಮಧ್ಯೆ ನಿಲ್ಲುತ್ತದೆ. ಮಾರುಕಟ್ಟೆಯ ಚಕ್ರಗಳಲ್ಲಿ ಈ ತೂತು ಎಲ್ಲ ಕಾರಿಗೂ ಆಗಲಿ ಎಂದು ದೊಡ್ಡದಿರುತ್ತದೆ, ಆ ಸಂದಿಗೆ ಸರಿಯಾದ ಅಳತೆಯ ಉಂಗುರ ಹಾಕಬೇಕು. ನಮ್ಮೂರಿನ ಸ್ವಿಫ್ಟ್ ಮತ್ತು ಹೋಂಡಾ ಸಿಟಿಯನ್ನೇ ನೋಡಿ. ನಾಲ್ಕು ಬೋಲ್ಟು 100 ಮಿಮೀಯ ಸಿಟಿಯ ಹಬ್ಬು 56.1, ಸ್ವಿಫ್ಟಿನದು 54.1. ಸಿಟಿಯ ಚಕ್ರ ಸ್ವಿಫ್ಟಿಗೆ ಏರುತ್ತದೆ, ಆದರೆ ಸುತ್ತ ಒಂದೊಂದು ಮಿಲಿಮೀಟರ್ ಸಡಿಲ. ನೂರರ ವೇಗದಲ್ಲಿ ಸ್ಟೀರಿಂಗ್ ನಡುಗಿದಾಗ ಜನ ಬ್ಯಾಲೆನ್ಸಿಂಗ್ ಅಂಗಡಿಗೆ ಓಡುತ್ತಾರೆ, ದೋಷ ಇರುವುದು ಈ ಸಂದಿಯಲ್ಲಿ.

ಮೂರನೆಯದು ಆಫ್‌ಸೆಟ್. ಹೆಚ್ಚು ಜನ ಎಡವುವುದು ಇಲ್ಲೇ. ಚಕ್ರದ ಅಗಲದ ನಟ್ಟನಡುವಿನ ಗೆರೆಗೂ ಅದು ಹಬ್ಬಿಗೆ ಒರಗುವ ಮುಖಕ್ಕೂ ಇರುವ ದೂರವೇ ಆಫ್‌ಸೆಟ್. 7 ಇಂಚು ಅಗಲ, 45 ಆಫ್‌ಸೆಟ್ಟಿನ ಚಕ್ರ ತೆಗೆದು 8 ಇಂಚು ಅಗಲ, 35 ಆಫ್‌ಸೆಟ್ಟಿನದನ್ನು ಹಾಕುತ್ತೀರಿ ಎನ್ನಿ. ಹಳೆಯದರ ಅರ್ಧ ಅಗಲ 88.9, ಹಬ್ಬಿನ ಮುಖದಿಂದ ಹೊರಕ್ಕೆ 43.9, ಒಳಕ್ಕೆ 133.9. ಹೊಸದರ ಅರ್ಧ 101.6, ಹೊರಕ್ಕೆ 66.6, ಒಳಕ್ಕೆ 136.6. ಅಂದರೆ ಹೊರಗೆ ಸುಮಾರು 23 ಮಿಮೀ ಚಾಚಿತು, ಒಳಗೆ 3 ಮಿಮೀಗಿಂತ ಕಡಿಮೆ. ಶಾಕಿಗೆ ತಾಗುವ ಭಯವಿಲ್ಲ. ಮಡ್‌ಗಾರ್ಡಿನ ಅಂಚು ಏನಾಗುತ್ತದೆಂದು ಸ್ಟೀರಿಂಗ್ ಪೂರ್ತಿ ತಿರುಗಿಸಿ, ಸ್ಪ್ರಿಂಗ್ ಪೂರ್ತಿ ಕುಗ್ಗಿಸಿ ನೋಡಬೇಕು. ಚಕ್ರ ಹೊರಕ್ಕೆ ಹೋದಷ್ಟೂ ಸ್ಪ್ರಿಂಗ್ ಮೇಲೆ ಅದರ ಸನ್ನೆ ಉದ್ದವಾಗುತ್ತದೆ, ಬೇರಿಂಗಿನ ಮೇಲೆ ಭಾರ ಹೆಚ್ಚುತ್ತದೆ, ಬ್ರೇಕ್ ಒತ್ತಿದಾಗ ಸ್ಟೀರಿಂಗ್ ಎಳೆಯುತ್ತದೆ.

ನಟ್ಟುಗಳ ಬಗ್ಗೆ ಒಂದು ಮಾತು, ಯಾಕೆಂದರೆ ಇದು ಜೀವದ ಪ್ರಶ್ನೆ. ಹೋಂಡಾದ ಕಂಪನಿ ಚಕ್ರದಲ್ಲಿ ನಟ್ಟು ಕೂರುವ ಕುಳಿ ಅರೆಗೋಳದಂತಿದೆ. ಹೊರಗಿನ ಅಲಾಯ್ ಚಕ್ರಗಳಲ್ಲಿ ಬಹುತೇಕ ಶಂಕುವಿನ ಆಕಾರ. ಹಳೆಯ ನಟ್ಟನ್ನೇ ಹೊಸ ಚಕ್ರಕ್ಕೆ ಬಿಗಿದರೆ ಇಡೀ ಮುಖ ಒರಗುವುದಿಲ್ಲ, ತೆಳುವಾದ ಗೆರೆಯೊಂದರ ಮೇಲೆ ಮಾತ್ರ ಕೂರುತ್ತದೆ. ಕೈಗೆ ಬಿಗಿ ಅನ್ನಿಸುತ್ತದೆ, ಓಡಿದಂತೆ ಸಡಿಲವಾಗುತ್ತದೆ. ಹೊಸ ಚಕ್ರ ಹಾಕಿ ನೂರು ಕಿಲೋಮೀಟರಿನೊಳಗೆ ಟಾರ್ಕ್ ರೆಂಚಿನಿಂದ ಇನ್ನೊಮ್ಮೆ ನೋಡಲೇಬೇಕು.

ಇನ್ನು ಸ್ಪ್ರಿಂಗು. ಜಪಾನಿ ತಯಾರಕರು ಅದರ ಗಡಸುತನವನ್ನು ಒಂದು ಮಿಲಿಮೀಟರ್ ಕುಗ್ಗಲು ಎಷ್ಟು ಕಿಲೋ ಭಾರ ಬೇಕು ಎಂದು ಹೇಳುತ್ತಾರೆ. ಮುಂದಿನ ಒಂದು ಮೂಲೆಯ ಸ್ಪ್ರಿಂಗಿನ ಮೇಲೆ 280 ಕಿಲೋ ಕೂತಿದೆ ಎಂದುಕೊಳ್ಳಿ. 4 ಕಿಲೋ ಸ್ಪ್ರಿಂಗ್ ಹಾಕಿದರೆ ಅದು 70 ಮಿಮೀ ಕುಗ್ಗಿ ನಿಲ್ಲುತ್ತದೆ, 8 ಕಿಲೋ ಸ್ಪ್ರಿಂಗ್ 35 ಮಿಮೀ. ಗುಂಡಿ ಬಂದಾಗ ಚಕ್ರ ಕೆಳಕ್ಕೆ ಚಾಚಲು ಉಳಿದ ಆಟವೂ ಆ 35 ಮಿಮೀ ಅಷ್ಟೇ. ಅದಕ್ಕಿಂತ ಆಳದ ಗುಂಡಿಯಲ್ಲಿ ಚಕ್ರವನ್ನು ನೆಲಕ್ಕೆ ಒತ್ತುವ ಬಲವೇ ಉಳಿಯುವುದಿಲ್ಲ. ತ್ಸುಕುಬಾದಂಥ ನುಣುಪಾದ ಟ್ರ್ಯಾಕಿಗೆ ಸರಿಹೋಗುವ ಸ್ಪ್ರಿಂಗ್ ಒರಟು ರಸ್ತೆಯಲ್ಲಿ ಹಿಡಿತ ಕಳೆದುಕೊಳ್ಳುವುದು ಹೀಗೆ.

ಒಂದು ಕಾರಿನ ಅಂಕಿಯನ್ನು ಇನ್ನೊಂದಕ್ಕೆ ಹಾಗೆಯೇ ಹಾಕಲೂ ಬರುವುದಿಲ್ಲ. ಸಿಲ್ವಿಯಾದ ಮುಂಭಾಗದಲ್ಲಿ ಸ್ಪ್ರಿಂಗು ಚಕ್ರದ ಪಕ್ಕದಲ್ಲೇ ನಿಂತಿದೆ, ಚಕ್ರ ಎಷ್ಟು ಏರುತ್ತದೋ ಹೆಚ್ಚುಕಡಿಮೆ ಅಷ್ಟೇ ಅದೂ ಕುಗ್ಗುತ್ತದೆ. ಎರಡು ತೋಳುಗಳ ವಿಶ್‌ಬೋನ್ ಇರುವ ಕಾರಿನಲ್ಲಿ ಸ್ಪ್ರಿಂಗು ತೋಳಿನ ನಡುವೆಲ್ಲೋ ಕೂತಿರುತ್ತದೆ. ಚಕ್ರ 10 ಮಿಮೀ ಏರಿದಾಗ ಸ್ಪ್ರಿಂಗ್ 7 ಮಿಮೀ ಕುಗ್ಗಿದರೆ, ಚಕ್ರಕ್ಕೆ ಸಿಗುವ ಗಡಸುತನ 0.7ರ ವರ್ಗ, ಅಂದರೆ ಅರ್ಧಕ್ಕಿಂತ ತುಸು ಕಡಿಮೆ. ಎಂಟು ಕಿಲೋ ಅಲ್ಲಿ ನಾಲ್ಕಾಗುತ್ತದೆ.

ಶಾಕಿನ ಸುತ್ತಲೇ ಸ್ಪ್ರಿಂಗ್ ಕೂರುವ, ಎತ್ತರ ಹೊಂದಿಸಬಹುದಾದ ಕಾಯಿಲ್‌ಓವರ್ ಸೆಟ್ಟುಗಳಲ್ಲಿ ಎರಡು ಬಗೆ. ಸರಳವಾದದ್ದರಲ್ಲಿ ಸ್ಪ್ರಿಂಗ್ ಕೂರುವ ತಟ್ಟೆಯನ್ನೇ ತಿರುಗಿಸಿ ಮೇಲೆ ಕೆಳಗೆ ಮಾಡುವುದು. ಇನ್ನೊಂದರಲ್ಲಿ ಶಾಕಿನ ಕೆಳಗಿನ ಬ್ರಾಕೆಟ್ಟು ಬೇರೆಯೇ ತಿರುಗುತ್ತದೆ, ಎತ್ತರ ಬದಲಾದರೂ ಶಾಕಿನ ಆಟ ಹಾಗೇ ಉಳಿಯುತ್ತದೆ. ತಟ್ಟೆ ಬಿಗಿದರೆ ಸ್ಪ್ರಿಂಗ್ ಗಡುಸಾಗುತ್ತದೆ ಎಂಬ ನಂಬಿಕೆ ಬಲವಾಗಿದೆ. ಅದು ನಿಜವಲ್ಲ. ಮೇಲಿನ 8 ಕಿಲೋ ಸ್ಪ್ರಿಂಗನ್ನೇ ತೆಗೆದುಕೊಳ್ಳಿ. ತಟ್ಟೆಯನ್ನು 10 ಮಿಮೀ ಬಿಗಿದು ಮೊದಲೇ 80 ಕಿಲೋ ಒತ್ತಡ ಕೊಟ್ಟರೆ, ಕಾರು ಕೂತಾಗ ಇನ್ನು 25 ಮಿಮೀ ಮಾತ್ರ ಕುಗ್ಗುತ್ತದೆ. ಒಟ್ಟು 35 ಹಾಗೇ ಇದೆ, ಗಡಸುತನವೂ ಹಾಗೇ ಇದೆ. ಬದಲಾದದ್ದು ಎರಡು: ಕಾರು 10 ಮಿಮೀ ಏರಿತು, ಚಕ್ರ ಕೆಳಕ್ಕೆ ಚಾಚುವ ಆಟ 25ಕ್ಕೆ ಇಳಿಯಿತು. ಕಂಪನಿಯ ಸ್ಪ್ರಿಂಗನ್ನೇ ಕತ್ತರಿಸಿ ತಗ್ಗಿಸುವವರೂ ಇದ್ದಾರೆ. ಜಾಕ್ ಎತ್ತಿದಾಗ ಆ ಸ್ಪ್ರಿಂಗ್ ತನ್ನ ಕೂರುಮಣೆಯಲ್ಲಿ ಸಡಿಲವಾಗಿ ಅಲ್ಲಾಡುತ್ತದೆ. ಅಂಥ ಕಾರನ್ನು ರಸ್ತೆಗೆ ತರಬಾರದು.

ತಗ್ಗಿಸಿದ ಕಾರು ತಿರುವಿನಲ್ಲಿ ಕಡಿಮೆ ವಾಲುತ್ತದೆ ಎಂದು ಎಲ್ಲರೂ ತಿಳಿಯುತ್ತಾರೆ. ಸಿಲ್ವಿಯಾ, ಎಇ86ಗಳ ಮುಂದಿನ ಸ್ಟ್ರಟ್ಟಿನಲ್ಲಿ, ಅಂದರೆ ಚಕ್ರದ ಪಕ್ಕ ನಿಂತ ಸ್ಪ್ರಿಂಗು-ಶಾಕಿನ ಜೋಡಿಯಲ್ಲಿ, ಕಥೆ ತಿರುವುಮುರುವು ಆಗಬಹುದು. ಕೆಳಗಿನ ತೋಳು ಮೂಲದಲ್ಲಿ ಹೊರತುದಿ ತುಸು ಕೆಳಗಿರುವಂತೆ ಇರುತ್ತದೆ. ಕಾರನ್ನು ತೀರಾ ಇಳಿಸಿದಾಗ ಹೊರತುದಿ ಮೇಲಾಗುತ್ತದೆ. ದೇಹ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು, ಕಾರಿನ ಗುರುತ್ವಕೇಂದ್ರ ಇಳಿದದ್ದಕ್ಕಿಂತ ಹೆಚ್ಚು ಕೆಳಗೆ ಜಾರುತ್ತದೆ. ಎರಡರ ನಡುವಿನ ದೂರ ಬೆಳೆಯಿತೆಂದರೆ ವಾಲಿಸುವ ಬಲವೂ ಬೆಳೆಯಿತು. ಅದನ್ನು ತಡೆಯಲು ಇನ್ನೂ ಗಡುಸು ಸ್ಪ್ರಿಂಗು, ಅದರಿಂದ ಇನ್ನೂ ಕಡಿಮೆ ಹಿಡಿತ. ಬಾಲ್ ಜಾಯಿಂಟಿನ ಕಡ್ಡಿ ಉದ್ದವಿರುವ ರೋಲ್ ಸೆಂಟರ್ ಅಡಾಪ್ಟರ್ ಹಾಕಿ ತೋಳನ್ನು ಮತ್ತೆ ಮೊದಲಿನ ಓರೆಗೆ ತರುವುದುಂಟು. ನನ್ನ ಮಟ್ಟಿಗೆ, ರಸ್ತೆಯ ಕಾರಿಗೆ ತೋಳು ನೆಲಕ್ಕೆ ಸಮಾನಾಂತರವಾಗುವ ಹಂತದಲ್ಲೇ ನಿಲ್ಲಿಸುವುದು ಲೇಸು.

ಎಇ86ರ ಹಿಂಭಾಗದಲ್ಲಿ ಇನ್ನೊಂದು ಸಂಗತಿಯಿದೆ. ಅಲ್ಲಿ ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ಆಕ್ಸಲ್. ಅದು ಅಡ್ಡಕ್ಕೆ ಸರಿಯದಂತೆ ಹಿಡಿದಿರುವುದು ಒಂದು ಉದ್ದನೆಯ ರಾಡು. ರಾಡಿನ ಒಂದು ತುದಿ ದೇಹಕ್ಕೆ, ಇನ್ನೊಂದು ಆಕ್ಸಲ್ಲಿಗೆ. ಕಾರು ಇಳಿದಾಗ ರಾಡಿನ ಓರೆ ಬದಲಾಗಿ ಇಡೀ ಆಕ್ಸಲ್ ಒಂದು ಪಕ್ಕಕ್ಕೆ ಸರಿಯುತ್ತದೆ. ಎರಡೂ ಕಡೆ ಮಡ್‌ಗಾರ್ಡಿನ ನೆತ್ತಿಯಿಂದ ಗಾರೆಯವರ ತೂಗುಗುಂಡನ್ನು ದಾರದಲ್ಲಿ ಇಳಿಬಿಟ್ಟು, ದಾರಕ್ಕೂ ರಿಮ್ಮಿಗೂ ಇರುವ ಸಂದಿ ಅಳೆದರೆ ಎಷ್ಟು ಸರಿದಿದೆ ಎಂದು ಕಣ್ಣಿಗೇ ಕಾಣುತ್ತದೆ. ಉದ್ದ ಹೊಂದಿಸಬಹುದಾದ ರಾಡು ಹಾಕಿ ಎರಡೂ ಸಂದಿ ಸಮ ಮಾಡಬೇಕು.

ಜೋಡಿಸುವಾಗ ಅವಸರ ಬೇಡ. ತೋಳುಗಳ ರಬ್ಬರ್ ಬುಷ್‌ಗಳು ತಿರುಗುವುದಿಲ್ಲ, ಹಿಂಡಿಕೊಳ್ಳುತ್ತವೆ. ಕಾರು ಜಾಕಿನ ಮೇಲಿದ್ದು ಚಕ್ರ ಜೋತಾಡುವಾಗ ಬೋಲ್ಟು ಬಿಗಿದರೆ, ಕೆಳಗಿಳಿಸಿದ ಮೇಲೆ ರಬ್ಬರ್ ಯಾವಾಗಲೂ ಹಿಂಡಿದ ಸ್ಥಿತಿಯಲ್ಲೇ ಇರುತ್ತದೆ, ಬೇಗ ಹರಿಯುತ್ತದೆ. ಬೋಲ್ಟುಗಳನ್ನು ಬೆರಳಲ್ಲಿ ಕೂರಿಸಿ, ಕಾರಿನ ಭಾರ ಚಕ್ರಗಳ ಮೇಲೆ ಬಂದ ಮೇಲೆ ಕೊನೆಯ ಬಿಗಿ ಕೊಡಬೇಕು. ಎತ್ತರ ಅಳೆಯುವುದು ನೆಲದಿಂದಲ್ಲ, ಹಬ್ಬಿನ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ. ಆಗ ಟೈರಿನ ಗಾಳಿ ಲೆಕ್ಕ ಕೆಡಿಸುವುದಿಲ್ಲ. ಒಂದಷ್ಟು ದೂರ ಓಡಿಸಿ, ಎಲ್ಲ ಕೂತ ಮೇಲೆ ಅಲೈನ್‌ಮೆಂಟಿಗೆ ಒಯ್ಯಿರಿ. ಮೊದಲು ಕ್ಯಾಂಬರ್, ಅಂದರೆ ಚಕ್ರದ ಒಳಹೊರ ವಾಲು, ಕೊನೆಗೆ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ತಿರುಗಿರುವ ಓರೆ, ಏಕೆಂದರೆ ಕ್ಯಾಂಬರ್ ಮುಟ್ಟಿದರೆ ಟೋ ಬದಲಾಗುತ್ತದೆ.

ಟೈರಿನ ಒಳ ಅಂಚು ಸವೆದರೆ ಎಲ್ಲರೂ ಕ್ಯಾಂಬರನ್ನು ದೂರುತ್ತಾರೆ. ರಸ್ತೆಯ ಕಾರಿನಲ್ಲಿ ಒಂದೂವರೆ ಡಿಗ್ರಿ ಒಳವಾಲು ಟೈರನ್ನು ಅಷ್ಟಾಗಿ ತಿನ್ನುವುದಿಲ್ಲ, ತಿನ್ನುವುದು ಟೋ. ಎರಡೂ ಚಕ್ರ ಸೇರಿ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ 3 ಮಿಮೀ ವ್ಯತ್ಯಾಸ ಇದ್ದರೆ ಒಂದೊಂದು ಚಕ್ರಕ್ಕೆ ಒಂದೂವರೆ ಮಿಮೀ. 577 ಮಿಮೀ ವ್ಯಾಸದ ಟೈರು ಅಷ್ಟು ಓರೆಯಲ್ಲಿ ಓಡಿದರೆ ಪ್ರತಿ ಕಿಲೋಮೀಟರಿಗೆ ಎರಡೂವರೆ ಮೀಟರಿಗೂ ಹೆಚ್ಚು ಅಡ್ಡಕ್ಕೆ ಉಜ್ಜಿಕೊಳ್ಳುತ್ತದೆ. ಚಕ್ರಗಳನ್ನು ಹತ್ತು ಡಿಗ್ರಿಗೂ ಮೀರಿ ಒಳಕ್ಕೆ ವಾಲಿಸಿ ನಿಲ್ಲಿಸುವ ಶೈಲಿಯೂ ಜಪಾನಿನಲ್ಲಿ ಬೆಳೆದಿದೆ. ಪ್ರದರ್ಶನಕ್ಕೆ ಅದು ಅವರವರ ಇಷ್ಟ. ಬ್ರೇಕ್ ಒತ್ತುವ ಹೊತ್ತಿಗೆ ಆ ಟೈರಿನ ಅಂಚು ಮಾತ್ರ ನೆಲದ ಮೇಲಿರುತ್ತದೆ ಎಂಬುದನ್ನು ರಸ್ತೆಗಿಳಿಸುವವರು ತಿಳಿದಿರಬೇಕು.

ಕಾನೂನೂ ಇದೆ. ಜಪಾನಿನ ಕಡ್ಡಾಯ ವಾಹನ ತಪಾಸಣೆಯಲ್ಲಿ ಕಾರಿನ ತಳ ನೆಲದಿಂದ ಕನಿಷ್ಠ 9 ಸೆಂಮೀ ಮೇಲಿರಬೇಕು. 2017ರ ಸಡಿಲಿಕೆಯ ಮೇಲೆ ಟೈರಿನ ರಬ್ಬರ್ ಮಡ್‌ಗಾರ್ಡಿನಿಂದಾಚೆ 10 ಮಿಮೀಗಿಂತ ಕಡಿಮೆ ಚಾಚಿದರೆ ನಡೆಯುತ್ತದೆ, ರಿಮ್ ಚಾಚುವಂತಿಲ್ಲ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಬೆಂಗಳೂರಿನಲ್ಲಿ ಚಕ್ರ ಬದಲಿಸುವವರು ವಿಮೆಯ ಕಾಗದವನ್ನೂ ಓದಿಕೊಳ್ಳುವುದು ಒಳಿತು.

ಉಳಿದದ್ದು ಶಾಕಿನ ಬಿಗಿ. ತಿರುಪನ್ನು ಪೂರ್ತಿ ಬಿಗಿದು, ಅಲ್ಲಿಂದ ಹಿಂದಕ್ಕೆ ಕ್ಲಿಕ್ ಎಣಿಸಿ ಬರೆದಿಡಿ. ಹಂಪು ದಾಟಿದ ಮೇಲೆ ಕಾರು ಎರಡು ಮೂರು ಸಲ ತೂಗಾಡಿದರೆ ಬಿಗಿ ಸಾಲದು. ಸಣ್ಣ ಸಣ್ಣ ಅಲೆಗಳ ಮೇಲೆ ಚಕ್ರ ಕುಪ್ಪಳಿಸಿ ಅಡ್ಡಕ್ಕೆ ಜಾರಿದರೆ ಬಿಗಿ ಹೆಚ್ಚಾಯಿತು. ಒಂದು ಸಲಕ್ಕೆ ಮುಂದಿನದು ಅಥವಾ ಹಿಂದಿನದು, ಒಂದನ್ನೇ ಮುಟ್ಟಿ. ಶಾಕಿನ ಹೊಳೆಯುವ ಕಡ್ಡಿಗೆ ಒಂದು ಸಣ್ಣ ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿ, ಮೈಗೆ ತಾಗುವಂತೆ ಕೆಳಕ್ಕೆ ಸರಿಸಿ ಓಡಿಸಿ. ಚಕ್ರ ಎಷ್ಟು ಏರಿತೋ ಟೈ ಅಷ್ಟು ದೂರ ತಳ್ಳಲ್ಪಟ್ಟು ಅಲ್ಲೇ ನಿಂತಿರುತ್ತದೆ. ಅದು ಬಂಪ್ ಸ್ಟಾಪಿನ ರಬ್ಬರಿಗೆ ಒತ್ತಿಕೊಂಡಿದ್ದರೆ ಆ ಮೂಲೆಯ ಆಟ ಮುಗಿದಿತ್ತು ಎಂದರ್ಥ. ಆಗ ಶಾಕ್ ಬಿಗಿಯುವುದರಿಂದ ಪ್ರಯೋಜನವಿಲ್ಲ. ಎರಡೂ ಪಕ್ಕವನ್ನು 5 ಮಿಮೀ ಏರಿಸಿ, ಟೋ ಮತ್ತೆ ಅಳೆಯಿಸಿ, ಅದೇ ರಸ್ತೆಯಲ್ಲಿ ಇನ್ನೊಮ್ಮೆ ಓಡಿಸಿ ನೋಡಬೇಕು.