ಕಲ್ಲುಮನೆಯ ಕಟ್ಟಿಗೆಗೆ ಹಿಡಿಯುವ ಬೂಷ್ಟು

ಶಹಾಬಾದಿ ಫರಸಿ, ಅಂದರೆ ಪದರುಪದರಾಗಿ ಏಳುವ ಸುಣ್ಣಕಲ್ಲು, ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ ಕಡೆಯ ಮನೆಗಳ ನೆಲಕ್ಕೂ ಗೋಡೆಗೂ ಬಳಕೆಯಾಗಿದ್ದು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಅದರ ಸಂದುಗಳಿಂದ ಏರುವ ತೇವ, ಕಲ್ಲಿಗೆ ತಾಗಿದ ಚೌಕಟ್ಟು, ಕಪಾಟುಗಳ ಬುಡವನ್ನು ಸೇರುತ್ತದೆ. ಕಟ್ಟಿಗೆಯ ತೇವಾಂಶ ಶೇ. 20ನ್ನು ಮೀರಿದರೆ ಬೂಷ್ಟು, ಅಂದರೆ ಗಾಳಿಯಲ್ಲಿ ತೇಲುವ ಬೀಜಾಣುಗಳಿಂದ ಹುಟ್ಟುವ ಶಿಲೀಂಧ್ರ, ಸುಲಭವಾಗಿ ಬೆಳೆಯುತ್ತದೆ. ಒಣಬಟ್ಟೆಯಿಂದ ಕೊಡವಿದರೆ ಬೀಜಾಣುಗಳು ಮನೆಯೆಲ್ಲ ಹರಡಿ ಉಬ್ಬಸವುಳ್ಳವರಿಗೆ ಕೇಡಾಗುವುದರಿಂದ, ಮೂಗು, ಬಾಯಿ ಮುಚ್ಚಿಕೊಂಡು, ಸಾಬೂನು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಕೂಡಲೇ ಗಾಳಿಗೆ ಒಣಗಿಸಬೇಕು. ಬ್ಲೀಚಿಂಗ್ ದ್ರಾವಣವು ಮೇಲಿನ ಕಲೆಯನ್ನಷ್ಟೇ ಕಳೆಯುತ್ತದೆ. ಅದರ ನೀರು ಒಳಗೆ ಇಂಗುವುದರಿಂದ ಬಣ್ಣ ಹಚ್ಚದ ಕಟ್ಟಿಗೆಗೆ ಅದು ತಕ್ಕದ್ದಲ್ಲ. ತೇವದ ಮೂಲವನ್ನು ತಡೆಯದೆ ವಾರ್ನಿಷ್ ಬಳಿಯುವುದು ಇನ್ನೂ ದೊಡ್ಡ ತಪ್ಪು. ಮೊದಲು ಫರಸಿಯ ಸಂದುಗಳನ್ನು ತುಂಬಿ, ಕಪಾಟನ್ನು ಗೋಡೆಯಿಂದ ಸರಿಸಿಡಬೇಕು.